ಎಳೆಯ ಮಗುವಿಗೆ ಅರ್ಧ ದಿನದ ಶಾಲೆ

ಮಗುವಿಗೆ ಮೂರು ವರ್ಷ ತುಂಬಿದೊಡನೆ ಬಂಕಾಪುರದಂಥ ಊರುಗಳ ಮನೆಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಓಣಿಯ ಅಂಗನವಾಡಿಯೋ, ವಾಹನ ಹತ್ತಿಸಿ ದೂರಕ್ಕೆ ಕಳುಹಿಸುವ ಕಾನ್ವೆಂಟೋ? ಶಾಲೆಯ ಹೆಸರಿಗಿಂತ ಮಗುವಿನ ಆರೋಗ್ಯವನ್ನು ನೋಡಿ ನಿರ್ಧರಿಸುವುದು ಲೇಸು.

ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ರೆ, ಕನಿಷ್ಠ 3 ಗಂಟೆ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಆದುದರಿಂದ ಮೂರು ನಾಲ್ಕು ಗಂಟೆಗಳ ಶಾಲೆ ಸಾಕು. ಬೆರಳುಗಳು ಬಲಿಯುವ ಮುನ್ನವೇ ಅಕ್ಷರ ತಿದ್ದಿಸುವುದು ಹಿತವಲ್ಲ. ಮಣ್ಣು ನಾದುವುದು, ಹಾಡುವುದು, ಕೋಟೆಯ ನವಿಲಿನಂತೆ ಕುಣಿಯುವುದು ಇವೇ ಆ ವಯಸ್ಸಿನ ಪಾಠ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಆಟಪಾಠದೊಡನೆ ಪೌಷ್ಟಿಕ ಆಹಾರವೂ ಉಂಟು. ತೂಕ ನೋಡಿ ಬೆಳವಣಿಗೆಯನ್ನು ದಾಖಲಿಸುವ ವ್ಯವಸ್ಥೆಯೂ ಉಂಟು. ಉಚಿತವೆಂಬ ಕಾರಣಕ್ಕೆ ಅದನ್ನು ಕೀಳೆಂದು ಎಣಿಸಬಾರದು.

ಯಾವ ಶಾಲೆಯೇ ಆಗಲಿ, ಸೇರಿಸುವ ಮುನ್ನ ಒಂದು ಮುಂಜಾನೆ ಅಲ್ಲಿ ಕುಳಿತು ನೋಡಿರಿ. ಕುಡಿಯುವ ನೀರಿಗೆ ಮುಚ್ಚಳವಿದೆಯೇ? ಶೌಚಾಲಯ ಶುಚಿಯಾಗಿದೆಯೇ? ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಸುವರೇ? ಅಳುವ ಮಗುವನ್ನು ಸಂತೈಸುವರೋ, ಗದರಿಸುವರೋ?

ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಿಡಿರಿ. ಜ್ವರ, ಭೇದಿ ಇದ್ದಾಗ ಮನೆಯಲ್ಲೇ ಇರಿಸಿಕೊಳ್ಳಿರಿ. ವಾರಗಳು ಕಳೆದರೂ ಮಗು ಊಟ ಬಿಟ್ಟರೆ, ನಿದ್ದೆಯಲ್ಲಿ ಬೆಚ್ಚಿದರೆ, ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಅದನ್ನು ಹಠವೆನ್ನದಿರಿ. ಬಾಯಲ್ಲಿ ಹೇಳಲಾರದ ಸಂಕಟವನ್ನು ಮಗು ಹಾಗೆ ಹೇಳುತ್ತಿರಬಹುದು. ಶಿಕ್ಷಕಿಯೊಡನೆ ಮಾತನಾಡಿರಿ, ವೈದ್ಯರನ್ನು ಕಾಣಿರಿ. ಅಗತ್ಯವಾದರೆ ಶಾಲೆಯನ್ನು ಬದಲಿಸಲು ಸಂಕೋಚಪಡಬೇಡಿರಿ.