ಅರಣ್ಯದ ಬಾಗಿಲು ಮುಚ್ಚಿದಾಗ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಹಸ್ರಾರು ಜನ ಏಕಕಾಲಕ್ಕೆ ಮುಗಿಬಿದ್ದುದನ್ನು ಕಂಡ ಸರ್ಕಾರವು, ಆನ್‌ಲೈನ್ ಮುಂಗಡ ಟಿಕೆಟಿನ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತಷ್ಟೆ. ಕಾಡ್ಗಿಚ್ಚಿನ ಭಯದಿಂದಲೂ ಬೇಸಿಗೆಯಲ್ಲಿ ಹೀಗಾಗುವುದುಂಟು.

ಬೆಳಗಾವಿ ಜಿಲ್ಲೆಯ ಹತ್ತರಗಿ ಊರಿನವರು ಅದಕ್ಕಾಗಿ ಖಿನ್ನರಾಗಬೇಕಿಲ್ಲ. ಹೆದ್ದಾರಿ ಹಿಡಿದು ಸಂಕೇಶ್ವರದತ್ತ ಸಾಗಿದರೆ, ಗುಡ್ಡದ ನೆತ್ತಿಯಲ್ಲಿ ವಲ್ಲಭಗಡದ ಕೋಟೆಯಿದೆ. ಬಿಸಿಲೇರುವ ಮುನ್ನ ಹತ್ತುವುದು ಲೇಸು.

ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಂತೆಲ್ಲ, ವರ್ಷದ ಬಹುಭಾಗ ಜಲಗರ್ಭದಲ್ಲಡಗಿರುವ ಹುನ್ನೂರಿನ ವಿಠ್ಠಲ ದೇವಾಲಯವು ಮೆಲ್ಲಮೆಲ್ಲನೆ ತಲೆಯೆತ್ತುವುದು. ಆ ದೇಗುಲದತ್ತ ಬಯಲಿನಲ್ಲಿ ನಡೆಯುವ ಸುಖ, ನನ್ನ ಮತದಲ್ಲಿ, ಯಾವ ಶಿಖರಾರೋಹಣಕ್ಕೂ ಕಡಮೆಯದಲ್ಲ.

ಮಳೆಗಾಲದಲ್ಲಾದರೋ, ಅದೇ ನದಿಯು ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕಕ್ಕೆ ಹೋಗಿರಿ. ಜಲಪಾತದ ಬಳಿ ಚಾಲುಕ್ಯಶೈಲಿಯ ಪ್ರಾಚೀನ ದೇಗುಲಗಳೂ ಇವೆ. ಸೆಲ್ಫಿಯ ಮೋಹದಿಂದ ಮಾತ್ರ ಬಂಡೆಯಂಚಿಗೆ ಕಾಲಿಡಬೇಡಿರಿ.