ಬಿ.ಪಿ. ಗುಳಿಗೆ, ವ್ರತ-ಉಪವಾಸ ಮತ್ತು ನಮ್ಮ ಮನೆಗಳು

ನಮ್ಮ ಸಮಾಜದಲ್ಲಿ ಐವತ್ತು ದಾಟಿದವರ ಮನೆಗೆ ಹೋದರೆ ಗೋಡೆಯ ಪಂಚಾಂಗದ ಕೆಳಗೆ ಗುಳಿಗೆಯ ಡಬ್ಬಿಯೊಂದು ಕಂಡೇ ಕಾಣುತ್ತದೆ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತು ಮಾಡುವ ವ್ಯಾಪಾರ, ಉದ್ರಿ ವಸೂಲಿಯ ಚಿಂತೆ, ಹಪ್ಪಳ-ಉಪ್ಪಿನಕಾಯಿಯ ಊಟ ಇವೆಲ್ಲ ಸೇರಿ ರಕ್ತದೊತ್ತಡವೆಂಬ ಬೇನೆ ವ್ಯಾಪಾರಿ ಮನೆತನಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಗುಳಿಗೆ ಶುರುವಾಗಿ ಹತ್ತು ಹದಿನೈದು ವರ್ಷ ಕಳೆದವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಈಗ ಆಗುತ್ತಿರುವ ತ್ರಾಸು ಈ ಗುಳಿಗೆಯಿಂದಲೇ ಏನು?" ಇನ್ನೊಂದು, "ಬಿ.ಪಿ. ಈಗ ಸರಿ ಇದೆಯಲ್ಲ, ಬಿಟ್ಟರೇನು?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರವನ್ನು ಡಾಕ್ಟರರಿಂದ ಪಡೆಯದೆ ತಾವೇ ಹೇಳಿಕೊಂಡು ಗುಳಿಗೆ ಬಿಡುವವರು ಬಹಳ. ಅದರಲ್ಲಿಯೂ ದಶಲಕ್ಷಣ ಪರ್ವ, ಅಷ್ಟಾಹ್ನಿಕ, ತೀರ್ಥಯಾತ್ರೆಗಳ ಕಾಲದಲ್ಲಿ ಬಿಡುವವರು ಹೆಚ್ಚು. ನಾನು ವೈದ್ಯನಲ್ಲ. ಆದರೆ ಮನೆಯಲ್ಲಿ ಮೂವರ ಗುಳಿಗೆಯ ಲೆಕ್ಕ ಇಡುವವನು ನಾನೇ ಆದ್ದರಿಂದ, ಡಾಕ್ಟರರನ್ನು ಮತ್ತೆ ಮತ್ತೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಸಾಧರ್ಮಿ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಯಾವ ಗುಳಿಗೆಗೆ ಯಾವ ತ್ರಾಸು

ಮೊದಲು ತಿಳಿಯಬೇಕಾದದ್ದು, "ಬಿ.ಪಿ. ಗುಳಿಗೆ" ಎಂಬುದು ಒಂದೇ ಜಾತಿಯದಲ್ಲ. ಅಂಗಡಿಯಲ್ಲಿ ಹತ್ತು ಬಗೆಯ ಬೇಳೆ ಇದ್ದ ಹಾಗೆ ಇದರಲ್ಲಿಯೂ ಬಗೆಗಳಿವೆ, ಪ್ರತಿಯೊಂದರ ಗುಣ ಬೇರೆ. ಮೇಲಿನ ದೊಡ್ಡ ಹೆಸರು ಕಂಪನಿಯದು. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದೇ ಔಷಧದ ನಿಜವಾದ ಹೆಸರು. ಅದನ್ನು ಮನೆಯಲ್ಲಿ ಒಂದು ವಹಿಯಲ್ಲಿ ಬರೆದಿಡಬೇಕು.

ಅಮ್ಲೋಡಿಪಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಸಂಜೆಯಾಗುತ್ತಲೇ ಪಾದ, ಹರಡುಗಳು ಬಾತುಕೊಳ್ಳುತ್ತವೆ. "ಕಿಡ್ನಿ ಹೋಯಿತು" ಎಂದು ಹೆದರುತ್ತಾರೆ. ಈ ಔಷಧ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನೀರು ಕೆಳಗೆ ಇಳಿದು ನಿಲ್ಲುವುದು ಇದಕ್ಕೆ ಸಾಮಾನ್ಯ ಕಾರಣ. ಆದರೂ ಬೇರೆ ಕಾರಣ ಇದೆಯೋ ಇಲ್ಲವೋ ಎಂಬುದನ್ನು ಡಾಕ್ಟರರೇ ನೋಡಿ ಹೇಳಬೇಕು. ಕೆಲವರಿಗೆ ಇದರಿಂದ ವಸಡು ಬೆಳೆಯುವುದೂ ಉಂಟು.

ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಇವು ಒಂದು ಗುಂಪು. ಇವುಗಳ ಪ್ರಸಿದ್ಧ ತ್ರಾಸು ಒಣಕೆಮ್ಮು. ತಿಂಗಳುಗಟ್ಟಲೆ ಕೆಮ್ಮಿನ ಔಷಧ ಕುಡಿದರೂ ನಿಲ್ಲದ ಕೆಮ್ಮು, ಈ ಗುಳಿಗೆಯನ್ನು ಬದಲಿಸಿದರೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಅಪರೂಪಕ್ಕೆ ತುಟಿ, ನಾಲಿಗೆ ಬಾತುಕೊಳ್ಳುತ್ತವೆ. ಹಾಗಾದರೆ ತಡಮಾಡದೆ ದವಾಖಾನೆಗೆ ಓಡಬೇಕು. ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿನಲ್ಲಿ ಕೆಮ್ಮು ಕಡಿಮೆ. ಇವೆರಡೂ ಗುಂಪಿನ ಗುಳಿಗೆಗಳನ್ನು ಬಸುರಾದ ಹೆಣ್ಣುಮಕ್ಕಳು ತೆಗೆದುಕೊಳ್ಳಬಾರದು. ಸೊಸೆ, ಮಗಳು ಈ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಡಾಕ್ಟರರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಹೈಡ್ರೋಕ್ಲೋರೋಥಯಾಝೈಡ್, ಕ್ಲೋರ್‌ಥಲಿಡೋನ್ ಎಂಬವು ಮೂತ್ರ ಹೆಚ್ಚಿಸುವ ಗುಳಿಗೆಗಳು. ಇವುಗಳಿಂದ ದೇಹದ ಸೋಡಿಯಂ, ಪೊಟ್ಯಾಸಿಯಂ ಕಡಿಮೆಯಾಗಬಹುದು, ಯೂರಿಕ್ ಆಮ್ಲ ಏರಬಹುದು. ವಯಸ್ಸಾದವರು ಮಂಕಾಗಿ ಕುಳಿತರೆ, ಮಾತು ತಪ್ಪಿದರೆ "ಮುಪ್ಪು" ಎನ್ನದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಅಟೆನೋಲಾಲ್, ಮೆಟೊಪ್ರೋಲಾಲ್ ಗುಂಪಿನಿಂದ ನಾಡಿ ನಿಧಾನವಾಗುತ್ತದೆ, ದಣಿವು ಬರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಪ್ರಾಝೋಸಿನ್‌ನಂಥವುಗಳ ಮೊದಲ ಗುಳಿಗೆ ತೆಗೆದುಕೊಂಡ ಹೊತ್ತಿನಲ್ಲಿ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳುವ ಸಂಭವವಿದೆ.

ಇಷ್ಟು ಓದಿ ಗಾಬರಿಯಾಗಬೇಕಿಲ್ಲ. ಇವು ಎಲ್ಲರಿಗೂ ಆಗುವುದಿಲ್ಲ. ಆದವರಿಗೂ ದಾರಿ ಇದೆ. ಪ್ರಮಾಣ ಇಳಿಸಬಹುದು, ಗುಂಪು ಬದಲಿಸಬಹುದು. ಡಾಕ್ಟರರಿಗೆ ಹೇಳದಿದ್ದರೆ ಮಾತ್ರ ದಾರಿ ಇಲ್ಲ.

"ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ" ಎಂಬ ಮಾತು

ಇಂಗ್ಲಿಷ್ ಔಷಧ ಬಿಟ್ಟು ಗಿಡಮೂಲಿಕೆಗೆ ಹೋದರೆ ತ್ರಾಸೇ ಇಲ್ಲ ಎನ್ನುವವರಿದ್ದಾರೆ. ರಕ್ತದೊತ್ತಡಕ್ಕೆ ಲೋಕವೆಲ್ಲ ಒಪ್ಪಿದ ಮೊದಮೊದಲಿನ ಔಷಧಗಳಲ್ಲಿ ಒಂದು ನಮ್ಮ ದೇಶದ ಸರ್ಪಗಂಧದ ಬೇರೇ. ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತಿನ ಗಮನ ಅತ್ತ ಹೊರಳಿತು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬಿ.ಪಿ. ಇಳಿಯಿತು ನಿಜ, ಆದರೆ ಕೆಲವರ ಮನಸ್ಸೂ ಅದರೊಂದಿಗೆ ಕುಗ್ಗಿ ಖಿನ್ನರಾದರು. ಬೇರಾದರೂ ಔಷಧವೇ, ಗುಳಿಗೆಯಾದರೂ ಔಷಧವೇ. ಗುಣವಿದ್ದಲ್ಲಿ ಅಡ್ಡಗುಣವೂ ಇರುತ್ತದೆ. ಕೆಮ್ಮಿಗೆಂದು ದಿನಾ ಅಗಿಯುವ ಜ್ಯೇಷ್ಠಮಧು ಕೂಡ ಬಿ.ಪಿ. ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಮೊಣಕಾಲು ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳೂ ಬಿ.ಪಿ. ಏರಿಸುತ್ತವೆ, ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಒಮ್ಮೆಲೇ ಬಿಟ್ಟರೆ ಏನಾಗುತ್ತದೆ

ಬಿ.ಪಿ. 130ಕ್ಕೆ ಬಂದಿತೆಂದು ಗುಳಿಗೆ ಬಿಡುವುದು, ಲೆಕ್ಕ ಸರಿಯಾಗಿದೆಯೆಂದು ಮುನೀಮನನ್ನು ಮನೆಗೆ ಕಳಿಸಿದ ಹಾಗೆ. ಲೆಕ್ಕ ಸರಿಯಾಗಿದ್ದದ್ದೇ ಅವನಿಂದ.

ಇಲ್ಲಿ ಒಂದು ಮೋಸವಿದೆ. ಅಮ್ಲೋಡಿಪಿನ್ ದೇಹದಿಂದ ಅರ್ಧದಷ್ಟು ಇಳಿಯಲು 30ರಿಂದ 50 ತಾಸು ಬೇಕು. ಬಿಟ್ಟ ಮರುದಿನ, ಮೂರನೆಯ ದಿನ ಅಳೆದರೂ ಬಿ.ಪಿ. ಚೆನ್ನಾಗಿಯೇ ಇರುತ್ತದೆ. "ನೋಡಿ, ಗುಳಿಗೆ ಬೇಕೇ ಇರಲಿಲ್ಲ" ಎಂದು ಮನುಷ್ಯ ಹಿಗ್ಗುತ್ತಾನೆ. ಆಮೇಲೆ ಸದ್ದಿಲ್ಲದೆ ಏರುತ್ತದೆ. ಬಿ.ಪಿ.ಗೆ ನೋವಿಲ್ಲದ್ದರಿಂದ ಗೊತ್ತಾಗುವುದಿಲ್ಲ. ಎಷ್ಟೋ ಸಲ ಪಾರ್ಶ್ವವಾಯು ಬಡಿದಾಗಲೇ ಗೊತ್ತಾಗುವುದು.

ಇನ್ನು ಕೆಲವು ಗುಳಿಗೆಗಳನ್ನಂತೂ ಒಮ್ಮೆಲೇ ಬಿಡಲೇಬಾರದು. ಕ್ಲೋನಿಡಿನ್ ಬಿಟ್ಟರೆ ಒಂದೆರಡು ದಿನದಲ್ಲಿಯೇ ಬಿ.ಪಿ. ಮೊದಲಿದ್ದದ್ದಕ್ಕಿಂತ ಮೇಲಕ್ಕೆ ಪುಟಿಯಬಹುದು. ತಲೆಶೂಲೆ, ಬೆವರು, ನಡುಕ, ಕಳವಳ ಬರುತ್ತವೆ. ಅಟೆನೋಲಾಲ್, ಮೆಟೊಪ್ರೋಲಾಲ್ ಗುಂಪಿನದು ಇನ್ನೊಂದು ರೀತಿ. ವರ್ಷಗಟ್ಟಲೆ ಲಗಾಮು ಹಾಕಿದ ಹೃದಯ, ಲಗಾಮು ಕಳಚಿದೊಡನೆ ನಾಗಾಲೋಟಕ್ಕೆ ಬೀಳುತ್ತದೆ. ಹೃದಯದ ರಕ್ತನಾಳ ಮೊದಲೇ ಕಿರಿದಾದವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಆದ್ದರಿಂದ ಇದನ್ನು ಬಿಡಿಸಬೇಕಾದರೆ ಡಾಕ್ಟರರು ಒಂದೆರಡು ವಾರ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ನಮ್ಮ ಅಕ್ಕನವರು ಹದಿನಾಲ್ಕು ವರ್ಷಗಳಿಂದ ಅಟೆನೋಲಾಲ್ ಮತ್ತು ಮೂತ್ರದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಒಂದು ವರ್ಷ ಭಾದ್ರಪದದಲ್ಲಿ ಹತ್ತೂ ದಿನ ಏಕಭುಕ್ತದ ನಿಯಮ ಹಿಡಿದರು. ಗುಳಿಗೆ ಬೆಳಿಗ್ಗೆ ತೆಗೆದುಕೊಳ್ಳುವ ರೂಢಿ, ಊಟ-ನೀರು ಮಧ್ಯಾಹ್ನ ಒಂದೇ ಸಲ. ಯಾರನ್ನೂ ಕೇಳದೆ ಗುಳಿಗೆ ಬಿಟ್ಟರು. ನಾಲ್ಕನೆಯ ದಿನ ಪೂಜೆಯ ಹೊತ್ತಿನಲ್ಲಿ ಎದೆ ಡವಡವ ಹೊಡೆದುಕೊಂಡು, ಬೆವರಿ, ಬಸದಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಸೊಲ್ಲಾಪುರದ ದವಾಖಾನೆಯಲ್ಲಿ ಐದು ದಿನ ಇರಬೇಕಾಯಿತು. "ತಮ್ಮಾ, ಗುಳಿಗಿ ಬಿಡೂದೂ ತ್ಯಾಗದಾಗ ಸೇರ್ತದ ಅಂತ ತಿಳಕೊಂಡಿದ್ದೆ" ಎಂದರು. ಡಾಕ್ಟರರು ನಕ್ಕು, "ಅಮ್ಮಾರ, ಏಕಭುಕ್ತ ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದರ ಹದಿನೈದು ದಿನ ಮೊದಲ ಬಂದು ಹೇಳ್ರಿ" ಎಂದರು. ಮರುವರ್ಷ ಹಾಗೆಯೇ ಮಾಡಿದರು. ಡಾಕ್ಟರರು ಎರಡು ಗುಳಿಗೆಯ ಬದಲು ಅವರಿಗೆ ಹೊಂದುವ ಬೇರೆ ವ್ಯವಸ್ಥೆ ಮಾಡಿ, ಊಟದ ಹೊತ್ತಿಗೇ ಕೂಡಿಸಿಕೊಟ್ಟರು. ಅನಂತ ಚತುರ್ದಶಿಯವರೆಗೆ ವ್ರತ ನಿರ್ವಿಘ್ನವಾಗಿ ನಡೆಯಿತು.

ವ್ರತ ಹಿಡಿಯುವ ಮೊದಲು

ನಿರ್ಜಲ ಉಪವಾಸ ಮಾಡುವವರು ಒಂದು ಮಾತು ಲಕ್ಷ್ಯದಲ್ಲಿಡಬೇಕು. ಹೊಟ್ಟೆಗೆ ನೀರಿಲ್ಲದಾಗ ಮೂತ್ರದ ಗುಳಿಗೆ ಮುಂದುವರಿದರೆ ದೇಹ ಒಣಗುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜೊತೆಗಿದ್ದರೆ ಕಿಡ್ನಿಗೂ ಭಾರ. ಬಿಟ್ಟರೆ ಒಂದು ಅಪಾಯ, ಮುಂದುವರಿಸಿದರೆ ಇನ್ನೊಂದು. ಈ ತೊಡಕನ್ನು ಬಿಡಿಸುವುದು ಮನೆಯವರ ಕೆಲಸವಲ್ಲ, ಡಾಕ್ಟರರದು. ಅವರಿಗೆ ನಮ್ಮ ಉಪವಾಸದ ಬಗೆ ಗೊತ್ತಿರುವುದಿಲ್ಲ. "ನೀರೂ ಇಲ್ಲ, ಇಷ್ಟು ದಿನ" ಎಂದು ಬಿಡಿಸಿ ಹೇಳಬೇಕು.

ರಾತ್ರಿ ಚತುರ್ವಿಧ ಆಹಾರ ತ್ಯಾಗ ಮಾಡಿದವರಿಗೆ "ರಾತ್ರಿ ಮಲಗುವಾಗ ಒಂದು ಗುಳಿಗೆ" ಎಂಬ ಚೀಟಿ ಧರ್ಮಸಂಕಟವಾಗುತ್ತದೆ. ಇದಕ್ಕೆ ಸಮಾಧಾನವಿದೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ 'ಟೈಮ್' ಎಂಬ ಅಧ್ಯಯನದಲ್ಲಿ, ಬಿ.ಪಿ. ಗುಳಿಗೆಯನ್ನು ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೊಂದೇ ಗುಳಿಗೆಯಾದರೆ ಸೂರ್ಯಾಸ್ತದ ಮೊದಲಿನ ಹೊತ್ತಿಗೆ ಬದಲಿಸಿಕೊಡಿರೆಂದು ಸಂಕೋಚವಿಲ್ಲದೆ ಕೇಳಬಹುದು. ಬೇಕಾದದ್ದು ದಿನವೂ ಒಂದೇ ಹೊತ್ತು, ತಪ್ಪದಿರುವುದು.

ಶಿಖರಜಿಯ ಬೆಟ್ಟ ಹತ್ತಿ, ವಂದನೆ ಮುಗಿಸಿ ಇಳಿಯುವುದೆಂದರೆ ಸುಮಾರು 27 ಕಿಲೋಮೀಟರ್ ನಡಿಗೆ. ನಡುರಾತ್ರಿ ಕಳೆಯುತ್ತಲೇ ಬರಿಹೊಟ್ಟೆಯಲ್ಲಿ ಹೊರಡುವವರು ಆ ದಿನದ ಗುಳಿಗೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಊರಿನಲ್ಲಿಯೇ ಕೇಳಿಕೊಂಡಿರಬೇಕು. ಯಾತ್ರೆಗಾಗಲಿ ಖರೀದಿಗಾಗಲಿ ಹೊರಟಾಗ ಹೆಚ್ಚಿನ ಒಂದು ವಾರದ ಗುಳಿಗೆ, ಅದೂ ಎರಡು ಚೀಲಗಳಲ್ಲಿ ಹಂಚಿ ಇಟ್ಟುಕೊಳ್ಳುವುದು ಒಳ್ಳೆಯದು.

ಪರ್ವದ ಊಟದಲ್ಲಿ ಅಡಗಿದ ಉಪ್ಪು

ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಡುತ್ತೇವೆ. ಆ ಜಾಗಕ್ಕೆ ಎಲೆಯ ಮೇಲೆ ಬರುವುದೇನು? ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಶೇಂಗಾ ಚಟ್ನಿ. ಹಪ್ಪಳದ ಖಾರದಲ್ಲಿಯೂ ಸೋಡಿಯಂ, ಅಡುಗೆ ಸೋಡಾದಲ್ಲಿಯೂ ಸೋಡಿಯಂ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಂಧವ ಲವಣ ಎಷ್ಟು ತಿಂದರೂ ಬಾಧಕವಿಲ್ಲ ಎಂಬುದು ತಪ್ಪು ತಿಳುವಳಿಕೆ. ಅದೂ ಬಹುಪಾಲು ಅದೇ ಉಪ್ಪು. ಪೊಟ್ಯಾಸಿಯಂ ಬೆರೆಸಿದ "ಕಡಿಮೆ ಸೋಡಿಯಂ" ಉಪ್ಪನ್ನು ಕಿಡ್ನಿ ತ್ರಾಸಿರುವವರು, ರಾಮಿಪ್ರಿಲ್-ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು. ಪರ್ವದ ದಿನ ಹೆಸರುಬೇಳೆ, ಕಡಲೆ, ಮೊಸರು, ಉಪ್ಪಿಲ್ಲದ ಜೋಳದ ರೊಟ್ಟಿ ಸಾಕಲ್ಲವೇ? ಉಪ್ಪು ಬಿಡುವ ರಸತ್ಯಾಗ ನಮ್ಮಲ್ಲಿ ಹಿಂದಿನಿಂದಲೂ ಇದೆ. ವಾರಕ್ಕೊಂದು ದಿನವಾದರೂ ಮನೆಮಂದಿಯೆಲ್ಲ ಅದನ್ನು ಪಾಲಿಸಬಹುದು. ಗುಳಿಗೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರರಿಗೆ ಹೇಳಿ ಮಾಡಬೇಕು.

ಕ್ಯಾಪ್ಸೂಲಿನ ಪ್ರಶ್ನೆ

ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜಿಲೆಟಿನ್. ಇದು ತಿಳಿದೊಡನೆ ಔಷಧವನ್ನೇ ಎಸೆದವರನ್ನು ಕಂಡಿದ್ದೇನೆ. ಎಸೆಯಬೇಕಿಲ್ಲ. ಬಿ.ಪಿ. ಔಷಧಗಳಲ್ಲಿ ಹೆಚ್ಚಿನವು ಗುಳಿಗೆಯ ರೂಪದಲ್ಲಿಯೇ ಸಿಗುತ್ತವೆ. ರಾಮಿಪ್ರಿಲ್ ಕ್ಯಾಪ್ಸೂಲಾಗಿಯೂ ಇದೆ, ಗುಳಿಗೆಯಾಗಿಯೂ ಇದೆ. ಸಸ್ಯಜನ್ಯ ಹೊದಿಕೆಯ ಕ್ಯಾಪ್ಸೂಲುಗಳೂ ಬಂದಿವೆ. ಡಾಕ್ಟರರನ್ನು, ಔಷಧದ ಅಂಗಡಿಯವರನ್ನು ಕೇಳಿದರೆ ದಾರಿ ಸಿಗುತ್ತದೆ.

ಮಾಂಸ, ಮದ್ಯ, ಮಧು ಇಲ್ಲದೆ ಔಷಧ ಹೇಗೆಂದು ಸಾವಿರ ವರ್ಷಗಳ ಹಿಂದೆಯೇ ಚಿಂತಿಸಿದ ಪರಂಪರೆ ನಮ್ಮದು. ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ' ಅಂಥದೇ ವೈದ್ಯಗ್ರಂಥ. ಅದು 1940ರಲ್ಲಿ ಅಚ್ಚಾದದ್ದು ನಮ್ಮ ಸೊಲ್ಲಾಪುರದಲ್ಲಿಯೇ. ಆಚಾರ್ಯರು ಔಷಧ ಬೇಡವೆನ್ನಲಿಲ್ಲ, ಹಿಂಸೆಯಿಲ್ಲದ ಔಷಧವನ್ನು ಹುಡುಕಿದರು. ನಾವೂ ಅದನ್ನೇ ಮಾಡಬೇಕು.

ಗುಳಿಗೆ ಕಡಿಮೆಯಾಗುವುದೇ ಇಲ್ಲವೇ?

ಆಗುತ್ತದೆ. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ದಿನಾ ನಡೆದವರಿಗೆ ಡಾಕ್ಟರರೇ ಗುಳಿಗೆ ಇಳಿಸಿದ ಉದಾಹರಣೆಗಳಿವೆ. ಒಂದು ಸಲಕ್ಕೆ ಒಂದೇ ಔಷಧ, ನಡುವೆ ಕೆಲವು ವಾರ, ಪ್ರತಿ ವಾರ ಅಳತೆ ಎಂಬುದು ಅದರ ಕ್ರಮ. ನಿಂತ ಮೇಲೂ ಅಳೆಯುವುದು ಬಿಡಬಾರದು, ತಿಂಗಳುಗಳ ನಂತರ ಮತ್ತೆ ಏರುವುದುಂಟು.

ಮನೆಯಲ್ಲಿ ಅಳೆಯುವಾಗ ಐದು ನಿಮಿಷ ಮಾತಿಲ್ಲದೆ, ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಎರಡು ಸಲ ಅಳೆದು ಬರೆದಿಡಬೇಕು. ಮನೆಯ ಅಳತೆ ಸರಾಸರಿ 135/85 ಮೀರಿದರೆ ಹೆಚ್ಚೆಂದು ಲೆಕ್ಕ. ವಯಸ್ಸಾದವರದನ್ನು ನಿಂತ ಮೇಲೆಯೂ ಅಳೆಯಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ಬೀಳುವ ಭಯವಿದೆ, ಡಾಕ್ಟರರಿಗೆ ತಿಳಿಸಬೇಕು. ಎದೆನೋವು, ಉಸಿರುಗಟ್ಟುವಿಕೆ, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ಇವು ಕಂಡರೆ ಮುಹೂರ್ತ ನೋಡದೆ ದವಾಖಾನೆಗೆ ಹೋಗಬೇಕು.

ಯಥಾಶಕ್ತಿ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪ ಎರಡಕ್ಕೂ ಹಿಂದೆ 'ಶಕ್ತಿ'ಯ ಮಾತು ಸೇರಿದೆ. ಶಕ್ತಿಯನ್ನು ಅಡಗಿಸಿಡಬಾರದು, ಮೀರಲೂಬಾರದು. ಗುಳಿಗೆ ಬಿಟ್ಟು ಮಾಡಿದ ಉಪವಾಸ ನಾಲ್ಕನೆಯ ದಿನಕ್ಕೆ ಮುರಿದರೆ ವ್ರತವೂ ಹೋಯಿತು, ದೇಹವೂ ಹೋಯಿತು. ಉಪವಾಸ ಸಾಧ್ಯವಿಲ್ಲದವರಿಗೆ ಸ್ವಾಧ್ಯಾಯವಿದೆ, ಮೌನವಿದೆ, ಕ್ಷಮೆಯಿದೆ.

ಕೊನೆಗೆ ಪಂಚಕಮಿಟಿಯವರಲ್ಲಿ ಒಂದು ವಿನಂತಿ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಪ್ರತಿ ಊರಿನ ಬಸದಿಯಲ್ಲಿ ಒಂದು ಬಿ.ಪಿ. ಯಂತ್ರ ಇಡಬೇಕು. ಶ್ರಾವಣದ ಕೊನೆಗೆ ಒಂದು ಭಾನುವಾರ ಡಾಕ್ಟರರೊಬ್ಬರನ್ನು ಕರೆಸಿ, ವ್ರತ ಹಿಡಿಯುವವರ ಗುಳಿಗೆಯ ವಹಿ ನೋಡಿಸಬೇಕು. ಖರ್ಚು ದೊಡ್ಡದಲ್ಲ. ಒಂದು ಪ್ರಭಾವನೆಯ ಹಣದಲ್ಲಿ ಆಗುವ ಕೆಲಸ.