ಕಾಲು ಮತ್ತು ಕಂಕುಳಿನ ಕೂದಲು: ಯಾವ ವಿಧಾನ ಯಾರಿಗೆ ಹಿತ?

ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆಗಳು ಕೆಲವಿವೆ. ಕಾಲು ಹಾಗೂ ಕಂಕುಳಿನ ಕೂದಲನ್ನು ತೆಗೆಯಬೇಕೆ, ತೆಗೆಯುವುದಾದರೆ ಹೇಗೆ ಎಂಬುದು ಅಂಥವುಗಳಲ್ಲಿ ಒಂದು. ಮಗಳು ಸಂಕೋಚದಿಂದ ಕೇಳುವುದಿಲ್ಲ. ತಾಯಿ ತಾನಾಗಿ ಹೇಳುವುದಿಲ್ಲ. ಹೀಗಾಗಿ ಗೆಳತಿಯರ ಮಾತು, ಜಾಹೀರಾತಿನ ಚಿತ್ರ, ಸ್ನಾನದ ಮನೆಯ ಗೂಡಿನಲ್ಲಿರುವ ಅಣ್ಣನ ಬ್ಲೇಡು, ಇವೇ ಅವಳಿಗೆ ಮಾರ್ಗದರ್ಶಕರಾಗುತ್ತವೆ. ಉರಿ, ಗಾಯ, ಕಪ್ಪು ಕಲೆ ಕಾಣಿಸಿಕೊಂಡ ಮೇಲೆಯೇ ವಿಷಯ ಹಿರಿಯರ ಕಿವಿಗೆ ಬೀಳುತ್ತದೆ. ಆದುದರಿಂದ ಈ ವಿಷಯವನ್ನು ಮುಜುಗರವಿಲ್ಲದೆ, ತಾಯಿ-ಮಗಳು ಒಟ್ಟಿಗೆ ಕುಳಿತು ಓದಬಹುದಾದ ರೀತಿಯಲ್ಲಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತೆಗೆಯಲೇಬೇಕೆ?

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೈಮೇಲಿನ ಕೂದಲು ಕೊಳೆಯಲ್ಲ, ರೋಗವೂ ಅಲ್ಲ. ಪ್ರಾಯಕ್ಕೆ ಬಂದಾಗ ಕಂಕುಳಿನಲ್ಲಿ ಕೂದಲು ಮೂಡುವುದು ಹಾರ್ಮೋನುಗಳ ಸಹಜ ಕಾರ್ಯ. ಬೆವರಿಗೆ ಸ್ವತಃ ಹೆಚ್ಚಿನ ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ವಿಭಜಿಸಿದಾಗ ವಾಸನೆ ಹುಟ್ಟುತ್ತದೆ. ಕೂದಲು ತೇವವನ್ನು ಹಿಡಿದಿಡುವುದರಿಂದ ಅದನ್ನು ತೆಗೆದಾಗ ವಾಸನೆ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ದಿನವೂ ಸೋಪು-ನೀರಿನಿಂದ ತೊಳೆದು, ಚೆನ್ನಾಗಿ ಒರೆಸಿ, ಹತ್ತಿಯ ಉಡುಪು ಧರಿಸುವವರಿಗೆ ಕೂದಲಿದ್ದರೂ ಶುಚಿತ್ವಕ್ಕೆ ಕೊರತೆಯಿಲ್ಲ.

ಹಾಗಾದರೆ ಈ ರೂಢಿ ಬಂದದ್ದೆಲ್ಲಿಂದ? ಸಕ್ಕರೆಪಾಕದಿಂದ ಕೂದಲು ಕೀಳುವ ಪದ್ಧತಿ ಈಜಿಪ್ಟ್ ಹಾಗೂ ಪಶ್ಚಿಮ ಏಷ್ಯಾದ ನಾಡುಗಳಲ್ಲಿ ಬಹುಕಾಲದಿಂದ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ವ್ಯಾಪಕವಾದುದು ತೋಳಿಲ್ಲದ ಉಡುಪುಗಳು ಬಂದ ಮೇಲೆ. ಅಮೆರಿಕದ ಜಿಲೆಟ್ ಸಂಸ್ಥೆ ಸ್ತ್ರೀಯರಿಗೆಂದೇ ಪ್ರತ್ಯೇಕ ರೇಜರನ್ನು ಮಾರುಕಟ್ಟೆಗೆ ತಂದದ್ದು 1915ರಲ್ಲಿ. ಅಂದರೆ ಇಂದು ಕಟ್ಟಳೆಯಂತೆ ಕಾಣುವ ಈ ಪದ್ಧತಿಯ ಹಿಂದೆ ಆರೋಗ್ಯಕ್ಕಿಂತ ಉಡುಪಿನ ಶೈಲಿ ಹಾಗೂ ವ್ಯಾಪಾರದ ಪಾತ್ರವೇ ಹೆಚ್ಚು. ತೆಗೆಯುವವರು ತೆಗೆಯಲಿ, ಬಿಡುವವರು ಬಿಡಲಿ. ವರನ ಕಡೆಯವರು ನೋಡಲು ಬರುತ್ತಾರೆಂದೋ ಹಾಸ್ಟೆಲಿನ ಗೆಳತಿಯರು ನಗುತ್ತಾರೆಂದೋ ಒಲ್ಲದ ಹುಡುಗಿಯನ್ನು ಒತ್ತಾಯಿಸುವುದು ಸಲ್ಲದು. ಹಾಗೆಯೇ ತನ್ನ ಇಚ್ಛೆಯಿಂದ ತೆಗೆಯಬಯಸುವವಳನ್ನು ಹೀಯಾಳಿಸುವುದೂ ತರವಲ್ಲ.

ಕೂದಲಿನ ಸ್ವಭಾವ

ಚರ್ಮದ ಹೊರಗೆ ಕಾಣುವ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ಎಳೆ. ಅದರ ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಪ್ರತಿಯೊಂದು ಕೂದಲೂ ಬೆಳೆದು, ವಿಶ್ರಮಿಸಿ, ಉದುರುತ್ತದೆ. ಎಲ್ಲವೂ ಒಂದೇ ಸಮಯಕ್ಕೆ ಈ ಹಂತಗಳನ್ನು ದಾಟುವುದಿಲ್ಲ. ಆದ್ದರಿಂದಲೇ ಇಂದು ಕಿತ್ತು ನುಣುಪಾದ ಕಾಲಿನಲ್ಲಿ ಕೆಲವೇ ದಿನಗಳಲ್ಲಿ ಅಲ್ಲಲ್ಲಿ ಹೊಸ ಕೂದಲು ತಲೆದೋರುತ್ತದೆ.

ಎಲ್ಲ ವಿಧಾನಗಳನ್ನೂ ಮೂರು ಬಗೆಯಾಗಿ ವಿಂಗಡಿಸಬಹುದು. ಚರ್ಮದ ಮಟ್ಟಕ್ಕೆ ಕತ್ತರಿಸುವುದು ಅಥವಾ ಕರಗಿಸುವುದು ಒಂದು; ಬುಡಸಹಿತ ಕೀಳುವುದು ಎರಡನೆಯದು; ಬುಡವನ್ನೇ ನಿಷ್ಕ್ರಿಯಗೊಳಿಸುವುದು ಮೂರನೆಯದು. ಮೊದಲನೆಯದರಲ್ಲಿ ನೋವಿಲ್ಲ, ಬಾಳಿಕೆ ಕಡಿಮೆ. ಎರಡನೆಯದರಲ್ಲಿ ನೋವುಂಟು, ಬಾಳಿಕೆ ವಾರಗಟ್ಟಲೆ. ಮೂರನೆಯದರಲ್ಲಿ ವೆಚ್ಚ ಅಧಿಕ, ಅದಕ್ಕೆ ತಜ್ಞರ ಕೈಯೇ ಬೇಕು.

ಬ್ಲೇಡಿನ ಬಗೆಗಿನ ಭಯ

ಬ್ಲೇಡು ತಾಗಿಸಿದರೆ ಕೂದಲು ದಪ್ಪವಾಗಿ, ಒತ್ತಾಗಿ ಬೆಳೆಯುತ್ತದೆಂಬ ಮಾತನ್ನು ಕೇಳದ ಹೆಣ್ಣುಮಗಳಿಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಅವರು 1928ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿ, ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗದೆಂದು ತೋರಿಸಿದರು. ಬ್ಲೇಡು ಮುಟ್ಟುವುದು ನಿರ್ಜೀವ ಎಳೆಯನ್ನು ಮಾತ್ರ. ಬುಡಕ್ಕೆ ಅದರ ಅರಿವೂ ಇರುವುದಿಲ್ಲ. ಸಹಜವಾಗಿ ಚೂಪಾಗಿರುವ ತುದಿ ಕತ್ತರಿಸಿದಾಗ ಮೊಂಡಾಗುತ್ತದೆ. ಕೈಗೆ ಒರಟಾಗಿ, ಕಣ್ಣಿಗೆ ದಪ್ಪವಾಗಿ ತೋರುವುದು ಅದೇ.

ಕಂಕುಳಿಗೆ ಅಗ್ಗವೂ ಸುಲಭವೂ ಆದ ವಿಧಾನ ಇದೇ ಎನ್ನಬಹುದು. ಸ್ನಾನದ ಕೊನೆಯಲ್ಲಿ ಬೆಚ್ಚನೆಯ ನೀರಿನಿಂದ ಚರ್ಮ ಮೃದುವಾದ ಮೇಲೆ, ಸೋಪಿನ ನೊರೆ ಅಥವಾ ಕ್ಷೌರದ ಕ್ರೀಮು ಹಚ್ಚಿ, ಒತ್ತದೆ, ಕೂದಲು ಬೆಳೆದ ದಿಕ್ಕಿನಲ್ಲಿಯೇ ರೇಜರನ್ನು ಎಳೆಯಬೇಕು. ಕಂಕುಳಿನ ಕೂದಲು ಒಂದೇ ದಿಕ್ಕಿಗೆ ಬಾಗಿರುವುದಿಲ್ಲವಾದ್ದರಿಂದ ಅಲ್ಲಿ ಇನ್ನಷ್ಟು ನಿಧಾನ ಬೇಕು. ಮೊಂಡಾದ ಬ್ಲೇಡೇ ಗಾಯಕ್ಕೆ ಮೂಲ. ಐದರಿಂದ ಏಳು ಬಾರಿ ಬಳಸಿದ ನಂತರ ಅದನ್ನು ಬದಲಿಸುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ರೇಜರನ್ನು ಮತ್ತೊಬ್ಬರು ಬಳಸಕೂಡದು, ಅದು ತಾಯಿಯದಾಗಿರಲಿ, ಅಕ್ಕನದಾಗಿರಲಿ. ಕಣ್ಣಿಗೆ ಕಾಣದ ರಕ್ತದ ಕಣದಿಂದಲೂ ಹೆಪಟೈಟಿಸ್ ಬಿ ಹಾಗೂ ಸಿ ಸೋಂಕು ಹರಡಬಲ್ಲದು.

ಕ್ರೀಮುಗಳು

ಒಂದು ಕಾಲದಲ್ಲಿ ನಮ್ಮಲ್ಲಿ ಆನ್ ಫ್ರೆಂಚ್ ಎಂದರೆ ಈ ಬಗೆಯ ಕ್ರೀಮು ಎಂದೇ ಅರ್ಥವಿತ್ತು. ಇಂಥ ಕ್ರೀಮುಗಳಲ್ಲಿರುವ ಥಯೊಗ್ಲೈಕೊಲೇಟ್ ಲವಣಗಳು ಕೆರಾಟಿನ್ನಿನ ಬಂಧಗಳನ್ನು ಸಡಿಲಿಸಿ ಕೂದಲನ್ನು ಮೆದುವಾಗಿಸುತ್ತವೆ. ಆಗ ಅದನ್ನು ಒರೆಸಿ ತೆಗೆಯಬಹುದು. ಗಾಯದ ಭಯವಿಲ್ಲ, ನೋವಿಲ್ಲ. ಆದರೆ ನಮ್ಮ ಚರ್ಮದ ಹೊರಪದರದಲ್ಲಿಯೂ ಅದೇ ಕೆರಾಟಿನ್ ಇದೆ ಎಂಬುದನ್ನು ಮರೆಯಲಾಗದು. ಸೂಚಿಸಿದ ಅವಧಿಗಿಂತ ಹೆಚ್ಚು ಹೊತ್ತು ಬಿಟ್ಟರೆ ಕ್ರೀಮು ಚರ್ಮವನ್ನೂ ಸುಡುತ್ತದೆ. ಇನ್ನೂ ಐದು ನಿಮಿಷ ಬಿಟ್ಟರೆ ಇನ್ನೂ ನುಣುಪಾದೀತೆಂಬ ಆಸೆಯೇ ಅನೇಕರ ಉರಿಗೆ ಕಾರಣ.

ಮೊದಲ ಸಲ ಬಳಸುವವರು ಸ್ವಲ್ಪವೇ ಕ್ರೀಮನ್ನು ಒಂದೆಡೆ ಹಚ್ಚಿ, ನಿಗದಿತ ಸಮಯಕ್ಕೆ ತೊಳೆದು, 24 ಗಂಟೆ ಕಾದು ನೋಡಬೇಕು. ಕಾಲಿಗೆ ಒಗ್ಗಿದ್ದು ಕಂಕುಳಿಗೆ ಒಗ್ಗದಿರಬಹುದು. ಅಲ್ಲಿನ ಚರ್ಮ ತೆಳು. ಗಾಯ, ಗುಳ್ಳೆ ಇರುವಲ್ಲಿ ಹಚ್ಚಲೇಬಾರದು. ಕ್ರೀಮು ಬಳಸಿದ ಅಥವಾ ಕ್ಷೌರ ಮಾಡಿಕೊಂಡ ದಿನವೇ ಸುಗಂಧದ ಸಿಂಪರಣೆ ಬೇಡ.

ವ್ಯಾಕ್ಸಿಂಗ್

ಕಾಲಿನಂಥ ವಿಶಾಲ ಭಾಗಕ್ಕೆ, ಮೂರು-ನಾಲ್ಕು ವಾರ ನಿಶ್ಚಿಂತೆ ಬಯಸುವವರಿಗೆ ವ್ಯಾಕ್ಸಿಂಗ್ ಮೆಚ್ಚಿನ ವಿಧಾನ. ಸಕ್ಕರೆ, ನಿಂಬೆರಸ ಹಾಗೂ ನೀರು ಕಾಯಿಸಿ ಪಾಕವನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರುಂಟು. ಕುದಿಯುವ ಸಕ್ಕರೆಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು. ಮೈಗೆ ಅಂಟಿದರೆ ಬಿಡದು. ಚೆನ್ನಾಗಿ ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಇಟ್ಟು ಪರೀಕ್ಷಿಸದೆ ಬಳಸಕೂಡದು. ಕೂದಲು ಸುಮಾರು 6 ಮಿಲಿಮೀಟರ್ ಉದ್ದವಿದ್ದರೆ ಮೇಣದ ಹಿಡಿತಕ್ಕೆ ಸಿಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಅನೇಕರಿಗೆ ನೋವು ಹೆಚ್ಚಾಗಿ ತೋರುವುದರಿಂದ ಆ ದಿನಗಳನ್ನು ಬಿಡುವುದು ಒಳಿತು.

ಬ್ಯೂಟಿ ಪಾರ್ಲರಿಗೆ ಹೋಗುವವರು ಒಂದನ್ನು ಗಮನಿಸಲಿ. ಮೈಗೆ ಮುಟ್ಟಿಸಿದ ಚಮಚವನ್ನೇ ಮತ್ತೆ ಮೇಣದ ಪಾತ್ರೆಗೆ ಅದ್ದುತ್ತಿದ್ದರೆ ಒಬ್ಬರ ಸೋಂಕು ಮತ್ತೊಬ್ಬರಿಗೆ ತಗಲುವ ಸಂಭವವಿದೆ. ಅಲ್ಲಿ ಸಂಕೋಚಪಡದೆ ಕೇಳುವುದು ನಿಮ್ಮ ಹಕ್ಕು.

ಕೂದಲನ್ನು ಯಂತ್ರದಿಂದ ಕೀಳುವ ಎಪಿಲೇಟರುಗಳೂ ಇವೆ. ಇಸ್ರೇಲಿನ ಒಂದು ಸಹಕಾರಿ ಗ್ರಾಮದಲ್ಲಿ ತಯಾರಾದ ಎಪಿಲೇಡಿ 1986ರಲ್ಲಿ ಮಾರುಕಟ್ಟೆಗೆ ಬಂದು ಇವುಗಳಿಗೆ ನಾಂದಿ ಹಾಡಿತು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಳಸಬಹುದು. ನೋವು ಸಹಿಸುವ ಶಕ್ತಿ ಬೇಕಷ್ಟೆ. ಬುಡಸಹಿತ ಕೀಳುವ ಯಾವುದೇ ವಿಧಾನದಲ್ಲಿ ಹೊಸ ಕೂದಲು ಹೊರಬರಲಾರದೆ ಚರ್ಮದೊಳಗೇ ಸುರುಳಿಯಾಗಿ ಗುಳ್ಳೆಯೇಳುವುದುಂಟು. ಅದನ್ನು ಚಿವುಟಬಾರದು, ಚಿವುಟಿದಲ್ಲಿ ಕಪ್ಪು ಕಲೆ ಉಳಿಯುತ್ತದೆ.

ಲೇಸರ್ ಮತ್ತು ವಿದ್ಯುತ್ ಚಿಕಿತ್ಸೆ

ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಷೆಲ್ ಅವರು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ವಿದ್ಯುತ್ ಸೂಜಿಯಿಂದ ನಾಶಪಡಿಸಿದ ವರದಿ 1875ರದು. ಶಾಶ್ವತ ನಿವಾರಣೆ ಎಂಬ ಹೆಸರಿಗೆ ಅರ್ಹವಾದ ವಿಧಾನ ಇದು. ಆದರೆ ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಹೋಗಬೇಕಾದ್ದರಿಂದ ಇಡೀ ಕಾಲಿಗೆ ಇದು ಪ್ರಾಯೋಗಿಕವಲ್ಲ.

1990ರ ದಶಕದ ಮಧ್ಯಭಾಗದಲ್ಲಿ ಬಂದ ಲೇಸರ್ ಚಿಕಿತ್ಸೆಯಲ್ಲಿ ಕೂದಲಿನ ಕಪ್ಪು ವರ್ಣದ್ರವ್ಯ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಬುಡವನ್ನು ಕುಂದಿಸುತ್ತದೆ. ಅದೇ ವರ್ಣದ್ರವ್ಯ ನಮ್ಮ ಗೋಧಿ ಹಾಗೂ ಶ್ಯಾಮಲ ವರ್ಣದ ಚರ್ಮದಲ್ಲಿಯೂ ಇರುವುದರಿಂದ ತಪ್ಪು ಯಂತ್ರ, ತಪ್ಪು ಪ್ರಮಾಣ ಬಳಸಿದರೆ ಚರ್ಮವೇ ಸುಡುತ್ತದೆ. ಕಪ್ಪು ಮೈಬಣ್ಣದವರಿಗೆ ಎನ್‌ಡಿ-ಯಾಗ್ ಎಂಬ ಉದ್ದ ತರಂಗಾಂತರದ ಲೇಸರ್ ಹೆಚ್ಚು ಸುರಕ್ಷಿತ. ನರೆತ ಕೂದಲಿಗೆ ಲೇಸರ್ ಫಲ ನೀಡದು. ಸಾಮಾನ್ಯವಾಗಿ ಆರೆಂಟು ಬಾರಿ, ವಾರಗಳ ಅಂತರದಲ್ಲಿ ಹೋಗಬೇಕಾಗುತ್ತದೆ. ಆಮೇಲೂ ಕೂದಲು ಬಹುಮಟ್ಟಿಗೆ ಕಡಿಮೆಯಾಗುತ್ತದೆಯೇ ಹೊರತು ಪೂರ್ಣ ಮಾಯವಾಗುವ ಭರವಸೆಯಿಲ್ಲ. ಕಂಕುಳಿನಂಥ ಚಿಕ್ಕ ಭಾಗಕ್ಕೆ ಖರ್ಚು ಕಡಿಮೆ, ಫಲ ಚೆನ್ನು. ಚರ್ಮವೈದ್ಯರ ಮೇಲ್ವಿಚಾರಣೆ ಇಲ್ಲದಲ್ಲಿ ಮಾಡಿಸಿಕೊಳ್ಳುವುದು ಬೇಡ.

ಅರಿಶಿನ, ಕಡಲೆಹಿಟ್ಟು, ನಿಂಬೆ

ಕಡಲೆಹಿಟ್ಟು ಹಚ್ಚಿ ಉಜ್ಜಿದರೆ ಚರ್ಮದ ಜಿಡ್ಡು ಹೋಗುತ್ತದೆ, ಕೆಲವು ಎಳೆ ಕೂದಲು ಉದುರಬಹುದು, ಬುಡ ಹೋಗುವುದಿಲ್ಲ. ಹಸುಗೂಸಿನ ಮೈಗೆ ಹಿಟ್ಟಿನ ಉಂಡೆ ಉಜ್ಜುವ ರೂಢಿಯನ್ನಂತೂ ಬಿಡಬೇಕು. ಹುಟ್ಟುವಾಗಿನ ನವಿರು ಕೂದಲು ಕೆಲವು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ. ಉಜ್ಜಿದರೆ ಉಳಿಯುವುದು ಕೂಸಿನ ಅಳು ಮಾತ್ರ. ಕಪ್ಪು ಹೋಗಲೆಂದು ಕಾಲಿಗೆ ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹೋದರೆ ಸುಟ್ಟಂಥ ಕಲೆಗಳೇಳುತ್ತವೆ.

ಯಾರು ಎಚ್ಚರ ವಹಿಸಬೇಕು?

ಸಕ್ಕರೆ ಕಾಯಿಲೆಯವರ ಕಾಲಿನ ಸಣ್ಣ ಗಾಯವೂ ಬೇಗ ಮಾಯದು. ಅವರು ಬ್ಲೇಡು, ಬಿಸಿಮೇಣ ಎರಡನ್ನೂ ದೂರವಿಟ್ಟು, ಅಗತ್ಯವೆನಿಸಿದರೆ ಕೂದಲನ್ನು ಯಂತ್ರದಿಂದ ಚಿಕ್ಕದಾಗಿ ಕತ್ತರಿಸಿಕೊಂಡರೆ ಸಾಕು. ಕಾಲಿನ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿರುವವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ವ್ಯಾಕ್ಸಿಂಗ್ ಮಾಡಿಸಬಾರದು. ಮೊಡವೆಗೆಂದು ಐಸೊಟ್ರೆಟಿನಾಯಿನ್ ಸೇವಿಸುತ್ತಿರುವ ಯುವತಿಯರ ಚರ್ಮ ಮೇಣದೊಡನೆ ಸುಲಿದು ಬರುವ ಅಪಾಯವಿದೆ. ಔಷಧಿ ನಿಲ್ಲಿಸಿದ ಮೇಲೂ ಆರು ತಿಂಗಳು ತಾಳಬೇಕು. ಗರ್ಭಿಣಿಯರು ಲೇಸರನ್ನು ಮುಂದೂಡುವುದು ವಾಡಿಕೆ. ಶಸ್ತ್ರಚಿಕಿತ್ಸೆಗೆ ಹೋಗುವವರು ಮನೆಯಲ್ಲಿ ಕ್ಷೌರ ಮಾಡಿಕೊಂಡು ಹೋಗದಿರುವುದು ಉತ್ತಮ. ಬ್ಲೇಡಿನ ಗೀರುಗಳಿಂದ ಸೋಂಕಿನ ಸಂಭವ ಹೆಚ್ಚುವುದರಿಂದ, ಅನಿವಾರ್ಯವಾದಾಗ ಕತ್ತರಿಸುವ ಯಂತ್ರವನ್ನಷ್ಟೇ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ತಿಳಿಸಿದೆ.

ಇನ್ನೊಂದು ಮುಖ್ಯ ಸಂಗತಿ. ಕಾಲು, ಕಂಕುಳಿನ ಕೂದಲು ಸಹಜ. ಆದರೆ ಗಲ್ಲ, ಮೇಲ್ದುಟಿ, ಎದೆಯ ಮೇಲೆ ಒರಟು ಕೂದಲು ಹೊಸದಾಗಿ ಬೆಳೆಯತೊಡಗಿ, ಜೊತೆಗೆ ಮುಟ್ಟು ಏರುಪೇರಾದರೆ, ಅಂಡಾಶಯದ ಪಿಸಿಓಎಸ್ ತೊಂದರೆ ಇರಬಹುದು. ಕಂಕುಳಿನ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ಅದು ಕೊಳೆಯೆಂದು ಉಜ್ಜುತ್ತ ಕೂಡದೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಕುರುಹು ಅದಾಗಿರಬಹುದು. ಇಂಥಲ್ಲಿ ಮೊದಲು ಹೋಗಬೇಕಾದುದು ಪಾರ್ಲರಿಗಲ್ಲ, ವೈದ್ಯರಲ್ಲಿಗೆ.

ತಾಯಂದಿರಲ್ಲಿ ನಮ್ಮ ಅರಿಕೆ ಇಷ್ಟೆ. ಮಗಳು ಕೇಳುವ ಮುನ್ನವೇ ಈ ಮಾತನ್ನು ನೀವು ಆರಂಭಿಸಿರಿ. ಅವಳದೇ ಆದ ರೇಜರೊಂದನ್ನು ಕೊಡಿಸುವುದೋ, ಕ್ರೀಮಿನ ಪೆಟ್ಟಿಗೆಯ ಮೇಲಿನ ಸೂಚನೆಯನ್ನು ಜೊತೆಗೆ ಓದುವುದೋ, ಏನೂ ಮಾಡದೆ ಹಾಗೆಯೇ ಇರಬಹುದೆಂದು ಧೈರ್ಯ ಹೇಳುವುದೋ, ಮೂರೂ ಸರಿಯಾದ ಉತ್ತರಗಳೇ. ತನ್ನ ಮೈಯ ಬಗೆಗೆ ನಾಚಿಕೆಯಿಲ್ಲದೆ ತಾಯಿಯೊಡನೆ ಮಾತನಾಡಲು ಕಲಿತ ಹುಡುಗಿ, ನಾಳೆ ಇದಕ್ಕಿಂತ ದೊಡ್ಡ ತೊಂದರೆ ಬಂದಾಗಲೂ ಅದನ್ನು ಮುಚ್ಚಿಡದೆ ಮೊದಲು ತಾಯಿಯ ಬಳಿಗೇ ಬರುತ್ತಾಳೆ.